ಫಂಕ್ಷನ್ ಒಳಗಿನ ಕ್ವೆರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ತಿಳಿಯುವುದು ಹೇಗೆ?

ಪ್ರಶ್ನೆ: ಗೋಣಿಕೊಪ್ಪದಲ್ಲಿ ಕಾಫಿ, ಕರಿಮೆಣಸು ಕೊಳ್ಳುವ ಒಂದು ಅಂಗಡಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ದಿನದ ಕೊನೆಗೆ ಬೆಳೆಗಾರರ ಲೆಕ್ಕ ತೀರಿಸುವ ಒಂದು ಫಂಕ್ಷನ್ ಇದೆ. ಒಳಗೆ ಐದು ಕ್ವೆರಿ, ಒಂದು ಲೂಪ್. ಮೊದಲು ಮೂರ್ನಾಲ್ಕು ಸೆಕೆಂಡಿಗೆ ಮುಗಿಯುತ್ತಿತ್ತು. ಈ ಸಲ ರೋಬಸ್ಟಾ ಬರಲು ಶುರುವಾದ ಮೇಲೆ 40 ಸೆಕೆಂಡ್ ದಾಟುತ್ತಿದೆ. ಕ್ವೆರಿ ಹೇಗೆ ಓಡಿತು, ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಹಾಕಿದರೆ ಒಂದೇ ಸಾಲು ಬರುತ್ತದೆ. ಪ್ರತಿ ಕ್ವೆರಿಯ ಹಿಂದೆ ಮುಂದೆ ನೌ() ಇಟ್ಟು ಕಳೆದರೆ ಎಲ್ಲಕ್ಕೂ ಸೊನ್ನೆ. ಅವೇ ಕ್ವೆರಿಗಳನ್ನು ಹೊರಗೆ ಒಂದೊಂದಾಗಿ ಓಡಿಸಿದರೆ ಯಾವುದೂ ನಿಧಾನ ಇಲ್ಲ. ಹಾಗಾದರೆ ಈ 40 ಸೆಕೆಂಡ್ ಎಲ್ಲಿ ಹೋಗುತ್ತಿದೆ?

ಉತ್ತರ: ನಿಮಗೆ ಬಂದ ಸೊನ್ನೆಯಿಂದಲೇ ಶುರು ಮಾಡೋಣ. ಅದು ಬಗ್ ಅಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ನೌ() ಹೇಳುವುದು ಈಗಿನ ಸಮಯವನ್ನಲ್ಲ, ನಿಮ್ಮ ಟ್ರಾನ್ಸಾಕ್ಷನ್ (ಪೂರ್ತಿ ಆಗುವ, ಇಲ್ಲವೇ ಪೂರ್ತಿ ರದ್ದಾಗುವ ಕೆಲಸದ ಒಂದು ಕಟ್ಟು) ಶುರುವಾದ ಸಮಯವನ್ನು. ಒಂದು ಫಂಕ್ಷನ್ ಪೂರ್ತಿ ಒಂದೇ ಟ್ರಾನ್ಸಾಕ್ಷನ್ ಒಳಗೆ ಓಡುತ್ತದೆ. ಹಾಗಾಗಿ ಅದರೊಳಗೆ ನೂರು ಸಲ ಕೇಳಿದರೂ ನೌ() ಅದೇ ಗಂಟೆ, ಅದೇ ಮಿಲಿಸೆಕೆಂಡ್ ಹೇಳುತ್ತದೆ. ಒಂದರಿಂದ ಅದನ್ನೇ ಕಳೆದರೆ ಸೊನ್ನೆ ಅಲ್ವಾ?

ಹೀಗೆ ಮಾಡಿರುವುದಕ್ಕೆ ಕಾರಣ ಇದೆ. ನಿಮ್ಮ ಅಂಗಡಿಯ ತೂಕದ ಚೀಟಿಯನ್ನೇ ನೋಡಿ. ಒಬ್ಬ ಬೆಳೆಗಾರರು 12 ಚೀಲ ಚೆರಿ (ಒಣಗಿಸಿದ ಕಾಫಿ ಹಣ್ಣು) ತರುತ್ತಾರೆ, ಟೇಬಲ್‌ಗೆ 12 ಸಾಲು ಸೇರುತ್ತದೆ. ಹನ್ನೆರಡಕ್ಕೂ ಒಂದೇ ಸಮಯ ಬಿದ್ದರೆ ಅದು ಒಂದೇ ಚೀಟಿ ಅಂತ ನಾಳೆ ಗೊತ್ತಾಗುತ್ತದೆ. ಆ ಕೆಲಸಕ್ಕೆ ನೌ() ಸರಿಯಾದ ಗಡಿಯಾರ. ಅಳೆಯುವ ಕೆಲಸಕ್ಕೆ ಮಾತ್ರ ಅಲ್ಲ.

ಅಳೆಯಲು ಬೇಕಾದದ್ದು ಕ್ಲಾಕ್_ಟೈಮ್‌ಸ್ಟಾಂಪ್(). ಇದು ಕರೆದ ಗಳಿಗೆಯ ನಿಜವಾದ ಸಮಯ ಕೊಡುತ್ತದೆ. ಒಂದೇ ಕ್ವೆರಿಯಲ್ಲಿ ಎರಡು ಸಲ ಕರೆದರೂ ಬೇರೆ ಬೇರೆ ಸಮಯ ಬರಬಹುದು. ಇವೆರಡರ ನಡುವೆ ಸ್ಟೇಟ್‌ಮೆಂಟ್_ಟೈಮ್‌ಸ್ಟಾಂಪ್() ಅಂತ ಇನ್ನೊಂದಿದೆ. ಹೆಸರು ನೋಡಿ ಇದನ್ನು ಬಳಸಿ ಮೋಸ ಹೋದವರು ಬಹಳ ಜನ. ನಿಮ್ಮ ಪ್ರೋಗ್ರಾಂ ಕಳಿಸಿದ ಕಮಾಂಡ್ ಸರ್ವರ್‌ಗೆ ತಲುಪಿದ ಸಮಯವನ್ನು ಅದು ಹೇಳುತ್ತದೆ. ಫಂಕ್ಷನ್ ಒಳಗಿನ ಐದು ಕ್ವೆರಿಗಳು ಹೊರಗಿನಿಂದ ಬಂದ ಕಮಾಂಡ್‌ಗಳಲ್ಲ. ಆದ್ದರಿಂದ ಅಲ್ಲಿ ಅದೂ ನಿಂತ ಗಡಿಯಾರವೇ.

(ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಅಡ್ಡಗೆರೆ ಇರುವ ಕಡೆ ಅಂಡರ್‌ಸ್ಕೋರ್.)

ಈಗ ಫಂಕ್ಷನ್ ತೆರೆಯಿರಿ. ಡಿಕ್ಲೇರ್ ಭಾಗದಲ್ಲಿ ಮೂರು ವೇರಿಯಬಲ್ ಸೇರಿಸಿ: ಸಮಯಕ್ಕೆ ಟೈಮ್‌ಸ್ಟಾಂಪ್‌ಟಿಝಡ್ ಟೈಪಿನ ಟಿ, ಸಾಲುಗಳ ಲೆಕ್ಕಕ್ಕೆ ಬಿಗ್‌ಇಂಟ್ ಟೈಪಿನ ಎನ್, ಒಟ್ಟು ಹೊತ್ತಿಗೆ ಇಂಟರ್ವಲ್ ಟೈಪಿನ ಒಟ್ಟು. ಮೂರನೆಯದಕ್ಕೆ ಮೊದಲೇ ಸೊನ್ನೆ ಕೊಟ್ಟಿರಿ. ಇಲ್ಲದಿದ್ದರೆ ಅದು ನಲ್ ಆಗಿರುತ್ತದೆ, ನಲ್‌ಗೆ ಏನು ಕೂಡಿದರೂ ನಲ್ಲೇ. ಆಮೇಲೆ ಪ್ರತಿ ಕ್ವೆರಿಯ ಸುತ್ತ ಹೀಗೆ:

ಟಿ := ಕ್ಲಾಕ್_ಟೈಮ್‌ಸ್ಟಾಂಪ್();
(ನಿಮ್ಮ ಕ್ವೆರಿ)
ಗೆಟ್ ಡಯಾಗ್ನೋಸ್ಟಿಕ್ಸ್ ಎನ್ = ರೋ_ಕೌಂಟ್;
ರೈಸ್ ನೋಟಿಸ್ 'ಕ್ವೆರಿ 1: % ಸಾಲು: %', ಕ್ಲಾಕ್_ಟೈಮ್‌ಸ್ಟಾಂಪ್() - ಟಿ, ಎನ್;

ಎರಡು ಸಮಯ ಕಳೆದರೆ ಗಂಟೆ, ನಿಮಿಷ, ಸೆಕೆಂಡ್ ರೂಪದಲ್ಲೇ ಉತ್ತರ ಬರುತ್ತದೆ, ಮೈಕ್ರೋಸೆಕೆಂಡ್‌ವರೆಗೆ. ಓದಲು ಅಷ್ಟು ಸಾಕು. ಸಾಲುಗಳ ಲೆಕ್ಕವನ್ನು ಮಾತ್ರ ಬಿಡಬೇಡಿ. ಎರಡು ಸೆಕೆಂಡಿನಲ್ಲಿ ಎರಡು ಲಕ್ಷ ಸಾಲು ಬರೆದ ಕ್ವೆರಿ ಒಳ್ಳೆಯ ಕೆಲಸ ಮಾಡಿದೆ. ಎರಡು ಸೆಕೆಂಡಿನಲ್ಲಿ ಒಂದೇ ಸಾಲು ಹುಡುಕಿದ ಕ್ವೆರಿಯಲ್ಲಿ ಏನೋ ತೊಂದರೆ ಇದೆ. ಬರೀ ಸಮಯ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಓಡಿಸುವ ಮುಂಚೆ ಒಂದು ಎಚ್ಚರಿಕೆ. ಇದು ಲೆಕ್ಕ ತೀರಿಸುವ ಫಂಕ್ಷನ್. ಪರೀಕ್ಷೆಗೆ ಅಂತ ಓಡಿಸಿದರೂ ಬಾಕಿ ನಿಜವಾಗಿಯೇ ಬದಲಾಗುತ್ತದೆ. ಎಕ್ಸ್‌ಪ್ಲೇನ್ ಅನಲೈಜ್ ಕೂಡ ಹಾಗೆಯೇ. ಅನಲೈಜ್ ಅಂದರೆ ನಿಜವಾಗಿ ಓಡಿಸಿ ನೋಡು ಅಂತಲೇ ಅರ್ಥ. ಆದ್ದರಿಂದ ಮೊದಲು ಬಿಗಿನ್, ಆಮೇಲೆ ಫಂಕ್ಷನ್, ಕೊನೆಗೆ ರೋಲ್‌ಬ್ಯಾಕ್, ಅಂದರೆ ಮಾಡಿದ್ದೆಲ್ಲ ರದ್ದು. ಅಳೆದ ಸಮಯವನ್ನು ಒಂದು ಟೇಬಲ್‌ಗೆ ಬರೆಯುವ ಅಭ್ಯಾಸ ಕೆಲವರಿಗೆ ಇದೆ. ರೋಲ್‌ಬ್ಯಾಕ್ ಮಾಡಿದರೆ ಆ ಸಾಲುಗಳೂ ಹೋಗುತ್ತವೆ. ನೋಟಿಸ್ ಮಾತ್ರ ಆಗಲೇ ನಿಮ್ಮ ಪರದೆಗೆ ಬಂದಿರುತ್ತದೆ. ನಾನು ನೋಟಿಸನ್ನೇ ನಂಬುವುದು ಇದಕ್ಕೆ.

ಇನ್ನು ಲೂಪ್. ನನಗೆ ಅನುಮಾನ ಇರುವುದು ಇಲ್ಲೇ. ನಿಮ್ಮ ಪತ್ರ ಓದುವಾಗ ಕಣ್ಣು ನಿಂತದ್ದು “ಹೊರಗೆ ಒಂದೊಂದಾಗಿ ಓಡಿಸಿದರೆ ಯಾವುದೂ ನಿಧಾನ ಇಲ್ಲ” ಅನ್ನುವ ಮಾತಿನ ಮೇಲೆ. ಹೊರಗೆ ನೀವು ಒಂದು ಕ್ವೆರಿಯನ್ನು ಒಂದು ಸಲ ಓಡಿಸಿದ್ದೀರಿ. ಒಳಗೆ ಅದೇ ಕ್ವೆರಿ ಎಷ್ಟು ಸಲ ಓಡುತ್ತದೆ?

ಒಂದು ಲೆಕ್ಕ ಹಾಕೋಣ. ಲೂಪ್ ಒಳಗೆ ಪ್ರತಿ ಬೆಳೆಗಾರರ ಮುಂಗಡದ ಬಾಕಿ ತೆಗೆಯುವ ಕ್ವೆರಿ ಇದೆ ಅಂತಿಟ್ಟುಕೊಳ್ಳಿ. ಅದಕ್ಕೆ 60 ಮಿಲಿಸೆಕೆಂಡ್. ಹೊರಗೆ ಓಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಬೇಗ ಅಂತಲೇ ಅನಿಸುತ್ತದೆ. 600 ಬೆಳೆಗಾರರಿಗೆ ಓಡಿದರೆ 36 ಸೆಕೆಂಡ್. ನಿಮ್ಮ 40 ಸೆಕೆಂಡಿನ ಹತ್ತಿರ ಹತ್ತಿರ. ಅರೇಬಿಕಾ ಸಮಯದಲ್ಲಿ ದಿನಕ್ಕೆ ಕಡಿಮೆ ಜನ ಬರುತ್ತಿದ್ದರು, ಲೂಪ್ ಸಣ್ಣದಿತ್ತು. ದಕ್ಷಿಣ ಕೊಡಗಿನಲ್ಲಿ ರೋಬಸ್ಟಾ ಜಾಸ್ತಿ. ಆ ಕೊಯ್ಲು ಶುರುವಾದರೆ ನಿಮ್ಮ ಅಂಗಡಿ ಮುಂದೆ ಜೀಪುಗಳ ಸಾಲು ನಿಲ್ಲುತ್ತದೆ, ಲೂಪ್ ಉದ್ದವಾಗುತ್ತದೆ. ಜೊತೆಗೆ ಪ್ರತಿ ಸೀಸನ್‌ಗೂ ಟೇಬಲ್ ಬೆಳೆಯುತ್ತಿರುತ್ತದೆ. ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಲು ಇಡುವ ಪಟ್ಟಿ) ಬಳಸದೆ ಪೂರ್ತಿ ಟೇಬಲ್ ಓದುವ ಕ್ವೆರಿ ಆದರೆ ಒಂದು ಸುತ್ತಿನ ಖರ್ಚೂ ಏರುತ್ತದೆ, ಸುತ್ತುಗಳೂ ಏರುತ್ತವೆ.

ಲೂಪ್ ಒಳಗೆ ಪ್ರತಿ ಸಲ ನೋಟಿಸ್ ಹಾಕಬೇಡಿ. ಪರದೆ ತುಂಬಿಹೋಗುತ್ತದೆ, ಅದನ್ನು ಕಳಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ಬದಲಿಗೆ ಪ್ರತಿ ಸುತ್ತಿನ ವ್ಯತ್ಯಾಸವನ್ನು ‘ಒಟ್ಟು’ ವೇರಿಯಬಲ್‌ಗೆ ಕೂಡಿಸುತ್ತಾ ಹೋಗಿ. ಲೂಪ್ ಮುಗಿದ ಮೇಲೆ ಒಂದೇ ಸಲ ಅದನ್ನೂ ಸುತ್ತುಗಳ ಸಂಖ್ಯೆಯನ್ನೂ ತೋರಿಸಿ. ಲೂಪ್ ಒಳಗೆ ಮೂರು ಕ್ವೆರಿ ಇದ್ದರೆ ಮೂರು ಬೇರೆ ಬೇರೆ ಒಟ್ಟು ಇಡಿ. ಇನ್ನೊಂದು ವಿಷಯ ಇದೆ. ಫಾರ್ ಲೂಪ್ ನಡೆಸುವ ಕ್ವೆರಿ ಒಂದೇ ಏಟಿಗೆ ಎಲ್ಲ ಸಾಲು ತರುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ತರುತ್ತದೆ. ಹಾಗಾಗಿ ಲೂಪ್‌ನ ಮೊದಲು ಮತ್ತು ಕೊನೆಗೆ ಗಡಿಯಾರ ಇಟ್ಟರೆ ಸಿಗುವುದು ಆ ಕ್ವೆರಿಯ ಹೊತ್ತಲ್ಲ, ಒಳಗಿನ ಕೆಲಸವೂ ಸೇರಿದ ಹೊತ್ತು.

ಎಕ್ಸ್‌ಪ್ಲೇನ್ ಅನಲೈಜ್ ಒಂದೇ ಸಾಲು ತೋರಿಸಿದ್ದು ಯಾಕೆ ಅಂತಲೂ ಹೇಳುತ್ತೇನೆ. ನಿಮ್ಮ ಕಡೆ ತೋಟಗಳಲ್ಲಿ ರೈನ್‌ಗೇಜ್ ಇರುತ್ತದಲ್ಲ, ಬೆಳಗ್ಗೆ ಅಳೆದು ಎರಡು ಇಂಚು ನಲವತ್ತು ಸೆಂಟು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ದಿನಕ್ಕೆ ಒಂದು ಸಲ ನೋಡಿದರೆ ಗೊತ್ತಾಗುವುದು ಒಟ್ಟು ಮಳೆ. ರಾತ್ರಿಯೆಲ್ಲ ಜಿನುಗಿತೋ, ಸಂಜೆ ಅರ್ಧ ಗಂಟೆಯಲ್ಲಿ ಸುರಿಯಿತೋ, ಅದು ಆ ನಂಬರ್‌ನಲ್ಲಿ ಇಲ್ಲ. ಕ್ವೆರಿಯನ್ನು ಹೇಗೆ ಓಡಿಸಬೇಕು ಅಂತ ಪ್ಲಾನ್ ಮಾಡುವ ಭಾಗಕ್ಕೆ, ಲೂಪ್ ಬರೆಯಬಹುದಾದ ಪಿಎಲ್‌ಪಿಜಿಎಸ್‌ಕ್ಯುಎಲ್ ಭಾಷೆಯ ಫಂಕ್ಷನ್ ಮುಚ್ಚಿದ ಡಬ್ಬ. ಹೊರಗಿನಿಂದ ಕಾಣುವುದು ಒಟ್ಟು ಹೊತ್ತು ಮಾತ್ರ. ಸುಮ್ನೆ ಎಸ್‌ಕ್ಯುಎಲ್‌ನಲ್ಲೇ ಬರೆದ ಸಣ್ಣ ಫಂಕ್ಷನ್ ಆದರೆ ಕೆಲವು ಸಲ ಅದನ್ನು ಬಿಚ್ಚಿ ಮುಖ್ಯ ಕ್ವೆರಿಯೊಳಗೆ ಸೇರಿಸಿಬಿಡುತ್ತದೆ, ಆಗ ಒಳಗಿನದೂ ಕಾಣುತ್ತದೆ. ನಿಮ್ಮದು ಲೂಪ್ ಇರುವ ಫಂಕ್ಷನ್, ಹಾಗೆ ಆಗುವುದಿಲ್ಲ. ಲಾಗ್_ಮಿನ್_ಡ್ಯುರೇಷನ್_ಸ್ಟೇಟ್‌ಮೆಂಟ್ ಹಾಕಿದರೂ ಅಷ್ಟೇ: ಹೊರಗಿನಿಂದ ಬಂದ ಕಮಾಂಡ್ ಮಾತ್ರ ಲಾಗ್‌ಗೆ ಬೀಳುತ್ತದೆ.

ಡಬ್ಬ ತೆರೆಯಲು ಪೋಸ್ಟ್‌ಗ್ರೆಸ್ ಜೊತೆಯಲ್ಲೇ ಬರುವ ಆಟೋ_ಎಕ್ಸ್‌ಪ್ಲೇನ್ ಇದೆ. ನನಗೆ ತುಂಬಾ ಇಷ್ಟದ ಸಾಧನ ಇದು. ಫಂಕ್ಷನ್‌ನ ಒಂದು ಅಕ್ಷರವನ್ನೂ ಮುಟ್ಟದೆ ಒಳಗಿನ ಪ್ರತಿ ಕ್ವೆರಿಯ ಹೊತ್ತು ಮತ್ತು ಪ್ಲಾನ್ ಎರಡನ್ನೂ ಕೊಡುತ್ತದೆ. ಸೂಪರ್‌ಯೂಸರ್ ಆಗಿ ಪಿಎಸ್‌ಕ್ಯುಎಲ್ (ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ತೆರೆದು, ಆ ಸೆಷನ್‌ನಲ್ಲಿ ಮಾತ್ರ ಹೀಗೆ ಮಾಡಿ. ಮೊದಲು ಲೋಡ್ ಕಮಾಂಡ್‌ನಿಂದ ಆಟೋ_ಎಕ್ಸ್‌ಪ್ಲೇನ್ ತನ್ನಿ. ಅದರ ಲಾಗ್_ನೆಸ್ಟೆಡ್_ಸ್ಟೇಟ್‌ಮೆಂಟ್ಸ್ ಆನ್ ಮಾಡಿ. ಒಳಗಿನ ಕ್ವೆರಿಗಳು ಕಾಣುವುದೇ ಇದರಿಂದ, ಮರೆತರೆ ಮತ್ತೆ ಒಂದೇ ಸಾಲು. ಲಾಗ್_ಅನಲೈಜ್ ಆನ್ ಮಾಡಿ. ಲಾಗ್_ಮಿನ್_ಡ್ಯುರೇಷನ್‌ಗೆ ಸೊನ್ನೆ ಕೊಟ್ಟರೆ ಎಲ್ಲವೂ ಬರುತ್ತದೆ. ನಿಮ್ಮ ಲೂಪ್‌ಗೆ ಅದು ನೂರಾರು ಪ್ಲಾನ್ ಸುರಿಯುತ್ತದೆ, ಆದ್ದರಿಂದ 20 ಮಿಲಿಸೆಕೆಂಡ್ ಇಟ್ಟು ನೋಡಿ. ಕೊನೆಗೆ ಕ್ಲೈಂಟ್_ಮಿನ್_ಮೆಸೇಜಸ್ ಅನ್ನು ಲಾಗ್ ಅಂತ ಮಾಡಿದರೆ ಎಲ್ಲ ನಿಮ್ಮ ಪರದೆಗೇ ಬರುತ್ತದೆ, ಸರ್ವರ್‌ನ ಲಾಗ್ ಫೈಲ್ ಹುಡುಕಬೇಕಿಲ್ಲ. ಪಿಎಸ್‌ಕ್ಯುಎಲ್‌ನ ಶೋ_ಕಾಂಟೆಕ್ಸ್ಟ್ ಅನ್ನು ಆಲ್ವೇಸ್ ಮಾಡಿಕೊಂಡರೆ, ಆ ಕ್ವೆರಿ ಫಂಕ್ಷನ್‌ನ ಎಷ್ಟನೇ ಸಾಲಿನಲ್ಲಿದೆ ಅಂತಲೂ ಹೇಳುತ್ತದೆ.

ಇದರ ಬೆಲೆ ನನಗೆ ಚೆನ್ನಾಗಿ ಗೊತ್ತಾದದ್ದು ಕುಶಾಲನಗರದ ಕಡೆ, ಚೆರಿಯ ಸಿಪ್ಪೆ ತೆಗೆದು ಬೀಜ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಲಾಟ್‌ವಾರು ಓಟಿ (ಔಟ್‌ಟರ್ನ್) ಲೆಕ್ಕ ಹಾಕುವ ಫಂಕ್ಷನ್ ಅಲ್ಲಿತ್ತು. 50 ಕೆಜಿ ಚೀಲ ಚೆರಿಗೆ ಎಷ್ಟು ಕೆಜಿ ಬೀಜ ಇಳಿಯಿತು ಅನ್ನುವ ಲೆಕ್ಕ. ಅದೇ ದೂರು: ಹೊರಗೆ ಬೇಗ, ಒಳಗೆ ನಿಧಾನ. ಎರಡು ದಿನ ನಾನು ಇಂಡೆಕ್ಸ್‌ಗಳನ್ನು ಅನುಮಾನಿಸಿದೆ, ಡಿಸ್ಕ್ ಅನುಮಾನಿಸಿದೆ. ಕೊನೆಗೆ ಆಟೋ_ಎಕ್ಸ್‌ಪ್ಲೇನ್ ಹಾಕಿದಾಗ ಪ್ಲಾನ್‌ನಲ್ಲಿ ಸೀಕ್ವೆನ್ಷಿಯಲ್ ಸ್ಕ್ಯಾನ್ ಕಂಡಿತು, ಅಂದರೆ ಟೇಬಲ್ ಪೂರ್ತಿ ಓದುವುದು. ಅದರ ಕೆಳಗಿನ ಫಿಲ್ಟರ್ ಸಾಲಿನಲ್ಲಿ ಲಾಟ್ ನಂಬರ್ ಕಾಲಂನ ಪಕ್ಕ ಎರಡು ಕೋಲನ್, ಆಮೇಲೆ ನ್ಯೂಮರಿಕ್ ಅನ್ನುವ ಪದ. ಎಲ್ಲ ಕಥೆ ಅಲ್ಲಿತ್ತು. ಟೇಬಲ್‌ನಲ್ಲಿ ಲಾಟ್ ನಂಬರ್ ಇಂಟಿಜರ್. ಫಂಕ್ಷನ್‌ನ ವೇರಿಯಬಲ್ ಅನ್ನು ಯಾರೋ ನ್ಯೂಮರಿಕ್ ಅಂತ ಬರೆದಿದ್ದರು. ಎರಡನ್ನೂ ಹೋಲಿಸಲು ಪೋಸ್ಟ್‌ಗ್ರೆಸ್ ಪ್ರತಿ ಸಾಲಿನ ಲಾಟ್ ನಂಬರನ್ನೂ ನ್ಯೂಮರಿಕ್‌ಗೆ ಬದಲಾಯಿಸುತ್ತಿತ್ತು. ಹಾಗೆ ಬದಲಾಯಿಸಿದ ಮೇಲೆ ಇಂಟಿಜರ್ ಮೇಲಿನ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಹೊರಗೆ ಪರೀಕ್ಷೆ ಮಾಡುವಾಗ ನಾವು ಸುಮ್ನೆ 4127 ಅಂತ ಟೈಪ್ ಮಾಡುತ್ತಿದ್ದೆವು. ಅದು ಇಂಟಿಜರ್, ಇಂಡೆಕ್ಸ್ ಸಿಗುತ್ತಿತ್ತು, ಬೇಗ ಬರುತ್ತಿತ್ತು. ಡಿಕ್ಲೇರ್‌ನಲ್ಲಿ ಒಂದು ಪದ ತಿದ್ದಿದೆವು, ಮುಗಿಯಿತು. ಅವತ್ತಿನಿಂದ ಹೊರಗೆ ಓಡಿಸಿದ ಕ್ವೆರಿಯ ಹೊತ್ತನ್ನು ನಾನು ಪುರಾವೆ ಅಂತ ಒಪ್ಪುವುದಿಲ್ಲ. ನೀವು ಕೂಡ ಮೊದಲು ನೋಡಬೇಕಾದದ್ದು ಇದನ್ನೇ. ಬೆಳೆಗಾರರ ನಂಬರ್, ಚೀಟಿ ನಂಬರ್, ಇವುಗಳ ಕಾಲಂ ಟೈಪ್ ಮತ್ತು ವೇರಿಯಬಲ್ ಟೈಪ್ ಒಂದೇ ಇದೆಯಾ?

ಒಳಗೂ ಹೊರಗೂ ವ್ಯತ್ಯಾಸ ಬರಲು ಇನ್ನೂ ಎರಡು ಕಾರಣ ಹೇಳುತ್ತೇನೆ.

ಮೊದಲನೆಯದು ಪ್ಲಾನ್ ಉಳಿಸಿಕೊಳ್ಳುವ ಪದ್ಧತಿ. ಫಂಕ್ಷನ್ ಒಳಗಿನ ಕ್ವೆರಿಗೆ ನೀವು ಕೊಟ್ಟ ವೇರಿಯಬಲ್‌ಗಳು ಪ್ಯಾರಾಮೀಟರ್ ಆಗುತ್ತವೆ. ಒಂದು ಸೆಷನ್‌ನಲ್ಲಿ ಮೊದಲ ಐದು ಸಲ ಆಗಿನ ವ್ಯಾಲ್ಯೂಗೆ ತಕ್ಕಂತೆ ಪ್ಲಾನ್ ಮಾಡುತ್ತದೆ. ಆಮೇಲೆ, ಯಾವ ವ್ಯಾಲ್ಯೂಗೂ ಆಗುವ ಒಂದು ಸಾಮಾನ್ಯ ಪ್ಲಾನ್ ಅಷ್ಟೇನೂ ದುಬಾರಿ ಅಲ್ಲ ಅನಿಸಿದರೆ ಅದನ್ನೇ ಇಟ್ಟುಕೊಳ್ಳುತ್ತದೆ. ಎಲ್ಲರ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಗಾತ್ರ ಇದ್ದರೆ ಇದು ಲಾಭವೇ. ಆದರೆ ನಿಮ್ಮಲ್ಲಿ ಮೂರು ಚೀಲ ತರುವ ಸಣ್ಣ ಬೆಳೆಗಾರರೂ ಇದ್ದಾರೆ, ಲಾರಿಗಟ್ಟಲೆ ಕಳಿಸುವ ಎಸ್ಟೇಟ್‌ಗಳೂ ಇವೆ. ಒಬ್ಬರಿಗೆ ಸರಿಹೋಗುವ ಪ್ಲಾನ್ ಇನ್ನೊಬ್ಬರಿಗೆ ಆಗುವುದಿಲ್ಲ. ಅನುಮಾನ ಇದ್ದರೆ ಸೆಷನ್‌ನಲ್ಲಿ ಪ್ಲಾನ್_ಕ್ಯಾಶ್_ಮೋಡ್ ಅನ್ನು ಫೋರ್ಸ್_ಕಸ್ಟಮ್_ಪ್ಲಾನ್ ಮಾಡಿ ಮತ್ತೆ ಅಳೆಯಿರಿ. ಹೊತ್ತು ಥಟ್ಟನೆ ಇಳಿದರೆ ಕಾರಣ ಸಿಕ್ಕಿತು. ಈ ಸೆಟ್ಟಿಂಗ್ 2019ರಲ್ಲಿ ಬಂದ 12ನೇ ಆವೃತ್ತಿಯಿಂದ ಇದೆ.

ಎರಡನೆಯದು ತಾತ್ಕಾಲಿಕ ಟೇಬಲ್. ನಿಮ್ಮ ಫಂಕ್ಷನ್ ಮೊದಲು ದಿನದ ಚೀಟಿಗಳನ್ನು ಟೆಂಪ್ ಟೇಬಲ್‌ಗೆ ತುಂಬಿ ಆಮೇಲೆ ಅದರ ಮೇಲೆ ಜಾಯಿನ್ ಮಾಡುತ್ತಿದ್ದರೆ, ತುಂಬಿದ ಕೂಡಲೇ ಅದಕ್ಕೆ ಅನಲೈಜ್ ಕಮಾಂಡ್ ಕೊಡಿ (ಎಕ್ಸ್‌ಪ್ಲೇನ್ ಜೊತೆಗಿನದಲ್ಲ, ಇದು ಟೇಬಲ್‌ನ ಅಂಕಿಅಂಶ ತೆಗೆಯುವ ಬೇರೆ ಕಮಾಂಡ್). ಆ ಕೆಲಸವನ್ನು ತಾನಾಗಿ ಮಾಡುವ ಆಟೋವ್ಯಾಕ್ಯೂಮ್ ಟೆಂಪ್ ಟೇಬಲ್‌ಗಳನ್ನು ಮುಟ್ಟುವುದಿಲ್ಲ. ಒಳಗೆ ಎಷ್ಟು ಸಾಲು ಇದೆ, ಎಂಥ ವ್ಯಾಲ್ಯೂ ಇದೆ ಅಂತ ಗೊತ್ತಿಲ್ಲದೆ ಪ್ಲಾನ್ ಮಾಡಿದರೆ ತಪ್ಪುವುದು ಸಹಜ.

ಇಷ್ಟೆಲ್ಲ ಅಳೆದ ಮೇಲೂ ಒಂದು ಗೊಂದಲ ಉಳಿಯಬಹುದು. ಗಡಿಯಾರ ಕೆಲಸದ ಹೊತ್ತನ್ನು ಮಾತ್ರ ಹೇಳುವುದಿಲ್ಲ, ಕಾದ ಹೊತ್ತನ್ನೂ ಸೇರಿಸಿ ಹೇಳುತ್ತದೆ. ನಿಮ್ಮ ಫಂಕ್ಷನ್ ಒಂದು ಬಾಕಿ ಸಾಲನ್ನು ಬದಲಿಸಲು ಹೋದಾಗ, ಎರಡನೇ ಕೌಂಟರ್‌ನಲ್ಲಿ ಯಾರೋ ಅದೇ ಬೆಳೆಗಾರರ ಎಂಟ್ರಿ ತೆರೆದು ಟ್ರಾನ್ಸಾಕ್ಷನ್ ಮುಗಿಸದೆ ಕಾಫಿಗೆ ಎದ್ದು ಹೋಗಿದ್ದರೆ? ಫಂಕ್ಷನ್ ಅಲ್ಲೇ ಕಾಯುತ್ತದೆ, ಅಪ್‌ಡೇಟ್ ಕ್ವೆರಿ ಅರ್ಧ ನಿಮಿಷ ತೆಗೆದುಕೊಂಡಿತು ಅಂತ ನಿಮ್ಮ ನೋಟಿಸ್ ಹೇಳುತ್ತದೆ. ಅಪ್‌ಡೇಟ್‌ನ ತಪ್ಪು ಏನೂ ಇಲ್ಲ. ಒಂದು ದಿನ 4 ಸೆಕೆಂಡ್, ಒಂದು ದಿನ 50 ಸೆಕೆಂಡ್ ಅಂತ ಹೊತ್ತು ಏರಿಳಿದರೆ ಮೊದಲು ಇದನ್ನೇ ಅನುಮಾನಿಸಿ. ಲಾಗ್_ಲಾಕ್_ವೇಟ್ಸ್ ಆನ್ ಇಟ್ಟರೆ, ಒಂದು ಸೆಕೆಂಡಿಗಿಂತ ಜಾಸ್ತಿ ಕಾದದ್ದೆಲ್ಲ ಲಾಗ್‌ಗೆ ಬರುತ್ತದೆ. ಆ ಒಂದು ಸೆಕೆಂಡ್ ಡೆಡ್‌ಲಾಕ್_ಟೈಮ್‌ಔಟ್‌ನ ಮಾಮೂಲಿ ಸೆಟ್ಟಿಂಗ್.

ಹಾಗೆಯೇ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆದರೆ ಬರೆದಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೂಡ ಸುಸ್ತಾಗಿ, ಸರ್ವರ್ ಬೆಳಗ್ಗೆ ಎದ್ದಿರುತ್ತದಲ್ಲ, ಆಗ ಮೆಮೊರಿಯಲ್ಲಿ ಏನೂ ಇರುವುದಿಲ್ಲ. ಎಲ್ಲವನ್ನೂ ಡಿಸ್ಕ್‌ನಿಂದ ಓದಬೇಕು. ಎರಡನೇ ಸಲ ಅದೇ ಕ್ವೆರಿ ಬೇಗ ಬರುತ್ತದೆ. ಇಂಡೆಕ್ಸ್ ಹಾಕಿದ್ದಕ್ಕೆ ಬೇಗ ಆಯಿತೋ, ಎರಡನೇ ಸಲ ಅನ್ನುವ ಕಾರಣಕ್ಕೆ ಬೇಗ ಆಯಿತೋ ಗೊತ್ತಾಗಬೇಕಾದರೆ, ತಿದ್ದುವ ಮುಂಚೆ ನಾಲ್ಕೈದು ಸಲ, ತಿದ್ದಿದ ಮೇಲೆ ನಾಲ್ಕೈದು ಸಲ ಓಡಿಸಿ. ಆಟೋ_ಎಕ್ಸ್‌ಪ್ಲೇನ್‌ನ ಲಾಗ್_ಬಫರ್ಸ್ ಆನ್ ಮಾಡಿದರೆ ಎಷ್ಟು ಬ್ಲಾಕ್ ಪೋಸ್ಟ್‌ಗ್ರೆಸ್‌ನ ಮೆಮೊರಿಯಲ್ಲೇ ಸಿಕ್ಕಿತು, ಎಷ್ಟನ್ನು ಹೊರಗಿನಿಂದ ಓದಿ ತಂದಿತು ಅಂತಲೂ ಕಾಣುತ್ತದೆ.

ದಿನವೂ ಕಣ್ಣಿಡಲು ಎರಡು ಸೆಟ್ಟಿಂಗ್ ಸಾಕು. ಟ್ರ್ಯಾಕ್_ಫಂಕ್ಷನ್ಸ್ ಅನ್ನು ಪಿಎಲ್ ಅಂತ ಮಾಡಿ. ಪಿಜಿ_ಸ್ಟ್ಯಾಟ್_ಯೂಸರ್_ಫಂಕ್ಷನ್ಸ್‌ನಲ್ಲಿ ಪ್ರತಿ ಫಂಕ್ಷನ್ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು, ಅದು ಕರೆದ ಬೇರೆ ಫಂಕ್ಷನ್‌ಗಳ ಹೊತ್ತು ಬಿಟ್ಟು ಎಷ್ಟು ಅಂತ ಮಿಲಿಸೆಕೆಂಡ್‌ನಲ್ಲಿ ಸಿಗುತ್ತದೆ. ಇನ್ನೊಂದು ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್. ಇದು ಮಾಮೂಲಾಗಿ ಹೊರಗಿನ ಕಮಾಂಡ್‌ಗಳನ್ನು ಮಾತ್ರ ಎಣಿಸುತ್ತದೆ. ಅದರ ಟ್ರ್ಯಾಕ್ ಸೆಟ್ಟಿಂಗನ್ನು ಟಾಪ್‌ನಿಂದ ಆಲ್‌ಗೆ ಬದಲಾಯಿಸಿದರೆ ಫಂಕ್ಷನ್ ಒಳಗಿನವೂ ಸೇರುತ್ತವೆ. ಕಾಲ್ಸ್ ಕಾಲಂ ನೋಡಿ. ಆ 60 ಮಿಲಿಸೆಕೆಂಡ್ ಕ್ವೆರಿ ಇಲ್ಲಿಯವರೆಗೆ ಒಟ್ಟು ಎಷ್ಟು ಸಲ ಓಡಿದೆ ಅಂತ ಅಲ್ಲಿ ಕಾಣುತ್ತದೆ. ಒಳಗಿನ ಕ್ವೆರಿಯ ಹೊತ್ತು ಹೊರಗಿನ ಕಮಾಂಡ್‌ನ ಹೊತ್ತಿನಲ್ಲೂ ಸೇರಿರುತ್ತದೆ, ಆದ್ದರಿಂದ ಎರಡನ್ನೂ ಕೂಡಬೇಡಿ. ಈ ಎಕ್ಸ್‌ಟೆನ್ಷನ್ ಮೊದಲ ಸಲ ಹಾಕಲು ಸರ್ವರ್ ರೀಸ್ಟಾರ್ಟ್ ಬೇಕು. ಖರೀದಿ ನಡೆಯುವ ಹೊತ್ತಿನಲ್ಲಿ ಬೇಡ, ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡಿ.

ಲೂಪ್‌ನ ಕ್ವೆರಿಯೇ ಕಾರಣ ಅಂತ ಗೊತ್ತಾದರೆ ನನ್ನ ಸಲಹೆ ಹೀಗಿದೆ. ಮೊದಲು ಟೈಪ್ ಸರಿ ಮಾಡಿ, ಇಂಡೆಕ್ಸ್ ಇದೆಯಾ ನೋಡಿ. ಅಷ್ಟಕ್ಕೇ ಸುತ್ತಿಗೆ 60 ಮಿಲಿಸೆಕೆಂಡ್ ಇದ್ದದ್ದು ಒಂದಕ್ಕಿಂತ ಕೆಳಗೆ ಇಳಿಯಬಹುದು, ಲೂಪ್ ಹಾಗೇ ಇರಲಿ. ಸಾಲದಿದ್ದರೆ ಎಲ್ಲ ಬೆಳೆಗಾರರ ಮುಂಗಡದ ಬಾಕಿಯನ್ನು ಗ್ರೂಪ್ ಬೈ ಹಾಕಿ ಒಂದೇ ಕ್ವೆರಿಯಲ್ಲಿ ತೆಗೆದುಕೊಳ್ಳಿ. ಎರಡನೆಯದರಲ್ಲಿ ಕೆಲಸ ಜಾಸ್ತಿ. ಹಣದ ಲೆಕ್ಕ ಬೇರೆ. ಸೀಸನ್ ನಡುವೆ ಕೈ ಹಾಕದೆ, ಕಾಫಿ ಹೂ ಬಿಡಿಸುವ ಹೂಮಳೆ ಆಗುವವರೆಗೆ ಕಾದು, ಹಳೆಯ ದಿನಗಳ ಚೀಟಿಗಳ ಮೇಲೆ ಎರಡೂ ಫಂಕ್ಷನ್ ಓಡಿಸಿ, ಪೈಸೆ ಪೈಸೆ ತಾಳೆ ನೋಡಿ ಆಮೇಲೆ ಬದಲಾಯಿಸಿ.

ಇವತ್ತು ಸಂಜೆ ಲೆಕ್ಕ ತೀರಿಸುವ ಮುಂಚೆ ಬಿಗಿನ್, ಫಂಕ್ಷನ್, ರೋಲ್‌ಬ್ಯಾಕ್ ಮಾಡಿ ನೋಟಿಸ್ ಸಾಲುಗಳನ್ನು ತೆಗೆದುಕೊಳ್ಳಿ. ಆದರೆ ಆ 40 ಸೆಕೆಂಡೂ ಬಾಕಿ ಸಾಲುಗಳ ಮೇಲೆ ಬೀಗ ಇರುತ್ತದೆ, ಕೌಂಟರ್‌ನವರಿಗೆ ಮೊದಲೇ ಹೇಳಿಬಿಡಿ. ಯಾವ ಕ್ವೆರಿ ಅಂತ ಗೊತ್ತಾದ ಮೇಲೂ ಕಾರಣ ಹೊಳೆಯದಿದ್ದರೆ ಆ ಒಂದು ಕ್ವೆರಿಯ ಪ್ಲಾನ್, ಟೇಬಲ್‌ನ ಕಾಲಂ ಟೈಪ್‌ಗಳು ಮತ್ತು ಫಂಕ್ಷನ್‌ನ ಡಿಕ್ಲೇರ್ ಭಾಗ, ಈ ಮೂರನ್ನು ಕಳಿಸಿ. ಬೆಳೆಗಾರರ ಹೆಸರು, ಮೊತ್ತ ಏನೂ ಬೇಡ, ಅಳಿಸಿ ಕಳಿಸಿ.